‘ಲಗ್ಗೆ’ ಶಬ್ದದ ವಾಚ್ಯ ಮತ್ತು ಲಕ್ಷ್ಯ: ಮುಂಬಯಿ ಕನ್ನಡ ಗದ್ಯದ ಸಂದರ್ಭದಲ್ಲಿ

ಮುಂಬಯಿಯ ಕನ್ನಡ ಸಂಘಸಂಸ್ಥೆಗಳು ತಮ್ಮ ಬೆಳ್ಳಿಹಬ್ಬ, ಚಿನ್ನದ ಹಬ್ಬ, ಅಮೃತ ಮಹೋತ್ಸವಗಳ ಸಂದರ್ಭದಲ್ಲಿ ಹೊರತಂದಿರುವ ಸ್ಮರಣ ಸಂಚಿಕೆಗಳು ನಮ್ಮ ಸಾಹಿತ್ಯ ಚರಿತ್ರೆಕಾರರ ಗಮನವನ್ನು ಇನ್ನೂ ಸಾಕಷ್ಟು ಸೆಳೆದಿಲ್ಲ. ಜಾಹೀರಾತುಗಳ ಪುಟಗಳ ನಡುವೆ ಸಿಕ್ಕಿಕೊಂಡಿರುವ ಈ ಬರಹಗಳಲ್ಲಿ ಹೊರನಾಡ ಕನ್ನಡಿಗರ ಬದುಕಿನ ಬಗೆಗೆ ಬೇರೆಲ್ಲಿಯೂ ದೊರೆಯದ ಸಂಗತಿಗಳಿವೆ. ಅಷ್ಟೇ ಅಲ್ಲ, ಒಂದು ಸಮುದಾಯ ತನ್ನನ್ನು ತಾನು ಯಾವ ಶಬ್ದಗಳಲ್ಲಿ ಕಂಡುಕೊಂಡಿತೆಂಬುದಕ್ಕೆ ಇವೇ ಮುಖ್ಯ ಆಕರಗಳು. ಇಂತಹ ಸಂಚಿಕೆಗಳ ಒಂದು ಕಟ್ಟನ್ನು ಈಚೆಗೆ ಸಾವಧಾನವಾಗಿ ಓದುತ್ತಿದ್ದಾಗ ಒಂದು ಶಬ್ದ ನಮ್ಮನ್ನು ಮತ್ತೆ ಮತ್ತೆ ತಡೆದು ನಿಲ್ಲಿಸಿತು. ಕರಾವಳಿಯ ತರುಣರು ಮುಂಬಯಿಗೆ ‘ಲಗ್ಗೆ’ಯಿಟ್ಟರು, ಹೋಟೆಲು ಉದ್ಯಮಕ್ಕೆ ಲಗ್ಗೆ ಹಾಕಿದರು, ಬ್ಯಾಂಕು, ವಕೀಲಿ, ರಂಗಭೂಮಿ ಎಲ್ಲಕ್ಕೂ ಲಗ್ಗೆಯೇ. ಯಾರಿಗೂ ಈ ಶಬ್ದ ಅಸಹಜವೆನಿಸಿದಂತಿಲ್ಲ. ಇತರರನ್ನು ದೂರುವ ಅಧಿಕಾರ ನಮಗಿಲ್ಲ. ಎರಡು ದಶಕಗಳ ಹಿಂದೆ ಇಂಥದೇ ಸಂಚಿಕೆಯೊಂದಕ್ಕೆ ನಾವು ಬರೆದ ಲೇಖನದ ಶೀರ್ಷಿಕೆಯಲ್ಲಿಯೇ ಈ ಶಬ್ದವಿತ್ತು.

ಆ ಲೇಖನವನ್ನು ಓದಿದ್ದ ವೃದ್ಧರೊಬ್ಬರು, ಮಾಟುಂಗಾದ ಹೋಟೆಲುಗಳಲ್ಲಿ ಬಹುಕಾಲ ದುಡಿದವರು, ಸಮಾರಂಭದ ಊಟದ ಸಾಲಿನಲ್ಲಿ ನಮ್ಮನ್ನು ತಡೆದು, “ಎಂತ ಲಗ್ಗೆ ಮಾಸ್ಟ್ರೇ? ನಾವು ಬಂದದ್ದು ಅಡುಗೆಮನೆಯ ಹಿಂದಿನ ಬಾಗಿಲಲ್ಲಿ, ತಟ್ಟೆ ತೊಳೀಲಿಕ್ಕೆ” ಎಂದಿದ್ದರು. ಅಂದು ನಕ್ಕು ಮುಂದೆ ಸರಿದೆವು. ಆ ಮಾತು ಸಾಹಿತ್ಯ ವಿಮರ್ಶೆಯ ಮಾತಾಗಿತ್ತೆಂಬುದು ನಮಗೆ ತಡವಾಗಿ ತಿಳಿಯಿತು. ಪ್ರಸ್ತುತ ಲೇಖನ ಅವರಿಗೆ ಕೊಡಬೇಕಾಗಿದ್ದ ಉತ್ತರ.

ಮೊದಲು ವಾಚ್ಯಾರ್ಥವನ್ನು ನೋಡೋಣ. ಕೋಟೆಯನ್ನು ಹಿಡಿಯುವ ಕ್ರಮಗಳಲ್ಲಿ ನಮ್ಮ ಹಳೆಯ ಕವಿಗಳು ಎರಡನ್ನು ಬೇರೆ ಬೇರೆಯಾಗಿಯೇ ಬಲ್ಲವರು. ಒಂದು ಮುತ್ತಿಗೆ, ಇನ್ನೊಂದು ಲಗ್ಗೆ. ಮುತ್ತಿಗೆಯೆಂಬುದು ಸುತ್ತುವರಿದು ಕಾಯುವ ಯುದ್ಧ. ಜೇನು ಮುತ್ತುತ್ತದೆ, ನೊಣ ಮುತ್ತುತ್ತದೆ, ಶತ್ರುವೂ ಮುತ್ತುತ್ತಾನೆ. ಒಳಗಿನವರ ಧಾನ್ಯ ಮುಗಿಯುವವರೆಗೆ, ಬಾವಿಯ ನೀರು ಬತ್ತುವವರೆಗೆ ಹೊರಗಿನವನು ಕುಳಿತಿರುತ್ತಾನೆ. ಲಗ್ಗೆಯಾದರೋ ಕಾಯಲಾರದವನ ಯುದ್ಧ. ಅಗಳನ್ನು ತುಂಬಿ, ಏಣಿಯನ್ನು ಚಾಚಿ, ಮೇಲಿನಿಂದ ಸುರಿಯುವ ಕಲ್ಲು, ಕಾದೆಣ್ಣೆಗಳಿಗೆ ಮೈಯೊಡ್ಡಿ ಗೋಡೆಯನ್ನೇರುವ ಕ್ರಿಯೆ ಅದು. ಆದುದರಿಂದಲೇ ಹಳೆಯ ಪ್ರಯೋಗದಲ್ಲಿ ‘ಲಗ್ಗೆ’ಯ ಜೊತೆಗೆ ‘ಹತ್ತು’ ಎಂಬ ಕ್ರಿಯಾಪದ ಬರುತ್ತದೆ. ‘ಲಗ್ಗೆ ಹತ್ತಿದರು’ ಎಂದಾಗ ಏಣಿ ಕಣ್ಣಿಗೆ ಕಾಣುತ್ತದೆ, ಮೊದಲ ಮೆಟ್ಟಿಲಿನ ಮೇಲಿರುವವನು ಬಹುಮಟ್ಟಿಗೆ ಬದುಕುವುದಿಲ್ಲವೆಂಬುದೂ ಕಾಣುತ್ತದೆ. ಇಂದಿನ ‘ಲಗ್ಗೆ ಇಡು’, ‘ಲಗ್ಗೆ ಹಾಕು’ ಎಂಬ ಪ್ರಯೋಗಗಳಲ್ಲಿ ಏಣಿ ಇಲ್ಲ. ಏಣಿ ಹೋದ ಮೇಲೆ ಬೀಳುವ ಭಯವೂ ಹೋಯಿತು.

ನಡುಗನ್ನಡ ಕಾವ್ಯಗಳಲ್ಲಿ ‘ಲಗ್ಗೆವರೆ’ ಎಂಬ ಸಮಾಸವಿದೆ. ಲಗ್ಗೆಯ ಪರೆ, ಅಂದರೆ ಆಕ್ರಮಣಕ್ಕೆ ಸೂಚನೆ ಕೊಡುವ ವಾದ್ಯ. ಕುರುಕ್ಷೇತ್ರದ ಬಯಲಿನಲ್ಲಿ ಕೋಟೆಯಿಲ್ಲದಿದ್ದರೂ ಕುಮಾರವ್ಯಾಸನ ಸೇನೆಗಳಿಗೆ ಈ ವಾದ್ಯದ ಅಬ್ಬರ ಬೇಕಾಗುತ್ತದೆ. ಶಬ್ದವು ಗೋಡೆಯನ್ನು ಬಿಟ್ಟು ಬಯಲಿಗೆ ಇಳಿದದ್ದು ಹೊಸದೇನಲ್ಲವೆಂಬುದಕ್ಕೆ ಇದೊಂದು ಸಾಕ್ಷಿ. ಆದರೆ ಗೋಡೆ ಇರುವಲ್ಲಿ ಕವಿಗಳು ಎಷ್ಟು ಎಚ್ಚರದಿಂದ ಬರೆಯುತ್ತಾರೆಂಬುದನ್ನು ತಿಳಿಯಲು ಗೋವಿಂದವೈದ್ಯನ ‘ಕಂಠೀರವ ನರಸರಾಜ ವಿಜಯ’ವನ್ನು (1648) ನೋಡಬೇಕು. ಬಿಜಾಪುರದ ರಣದುಲ್ಲಾಖಾನನ ಸೇನೆ ಶ್ರೀರಂಗಪಟ್ಟಣದ ಮೇಲೆ ಬಂದು ಹಿಮ್ಮೆಟ್ಟಿದ ಪ್ರಸಂಗ ಆ ಸಾಂಗತ್ಯದ ತಿರುಳು. ಕವಿ ನಿಂತಿರುವುದು ಗೋಡೆಯ ಒಳಗೆ. ಅವನ ಪಾಲಿಗೆ ಲಗ್ಗೆಯೆಂಬುದು ಪರರು ನಮ್ಮ ಮೇಲೆ ಮಾಡುವ ಕೃತ್ಯ. ಒನಕೆ ಓಬವ್ವನ ಐತಿಹ್ಯವನ್ನು ಹೇಳುವ ಚಿತ್ರದುರ್ಗದ ಜನರೂ ಹಾಗೆಯೇ. ಅವರು ಕಿಂಡಿಯ ಒಳಗಿನವರು. ನಮ್ಮ ಕೋಟೆಯ ಕಥನಗಳಲ್ಲಿ ಮನಸ್ಸು ಮಿಡಿಯುವುದು ಸಾಮಾನ್ಯವಾಗಿ ಒಳಗಿನವರ ಪರವಾಗಿ, ಲಗ್ಗೆ ಹತ್ತಿದವನ ಪರವಾಗಿ ಅಲ್ಲ. ಸ್ಮರಣ ಸಂಚಿಕೆಯ ಗದ್ಯ ಈ ಸ್ಥಾನವನ್ನು ಅದಲುಬದಲು ಮಾಡಿದೆ.

ಲಾಕ್ಷಣಿಕ ಪ್ರಯೋಗವೆಲ್ಲ ದೋಷವೆಂದು ನಮ್ಮ ಅಭಿಪ್ರಾಯವಲ್ಲ. ಚೈತ್ರದಲ್ಲಿ ರತ್ನಾಗಿರಿಯ ಆಪೂಸು ಮಾವು ಮಾರುಕಟ್ಟೆಗೆ ಲಗ್ಗೆಯಿಟ್ಟಿತೆಂದು ಪತ್ರಿಕೆ ಬರೆದರೆ ಯಾರಿಗೂ ನೋವಿಲ್ಲ. ಇಂಗ್ಲಿಷಿನಲ್ಲಿಯೂ ಕೋಟೆಯ ಗೋಡೆಯನ್ನೇರುವ ‘ಸ್ಟಾರ್ಮ್’ ಎಂಬ ಸೈನಿಕ ಶಬ್ದ ನಾಟಕಶಾಲೆಯ ಜಯಭೇರಿಗೆ ಬಳಕೆಯಾಗಿದೆ. ಎರಡನೆಯ ಮಹಾಯುದ್ಧದಲ್ಲಿ ಬೀದಿಯನ್ನೇ ನೆಲಸಮ ಮಾಡುತ್ತಿದ್ದ ಬಾಂಬಿನ ಹೆಸರು ‘ಬ್ಲಾಕ್‌ಬಸ್ಟರ್’ ಇಂದು ಸಿನೆಮಾದ ಗಳಿಕೆಗೆ ಸಲ್ಲುತ್ತಿದೆ. ನಾವು ವಿಮರ್ಶಕರೂ ಹಿಂದೆ ಬಿದ್ದವರಲ್ಲ. ‘ಮುಂಚೂಣಿಯ ಲೇಖಕ’ ಎನ್ನುವಾಗ ‘ಚೂಣಿ’ಯೆಂದರೆ ಕಾಳಗದಲ್ಲಿ ಮೊದಲು ಬೀಳುವವರ ಸಾಲು ಎಂಬುದನ್ನು ನೆನೆಯುವುದಿಲ್ಲ. (ನೆನೆದರೆ ಆ ವಿಶೇಷಣವನ್ನು ಒಪ್ಪಿಕೊಳ್ಳುವ ಲೇಖಕರು ಕಡಿಮೆಯಾದಾರು.)

ಹಾಗಾದರೆ ಮಾವಿನ ಹಣ್ಣಿಗೆ ಒಪ್ಪುವ ಶಬ್ದ ಮುಂಬಯಿಯ ಕನ್ನಡಿಗನಿಗೆ ಏಕೆ ಒಪ್ಪುವುದಿಲ್ಲ? ಇಲ್ಲಿ ಮಮ್ಮಟನ ನೆರವು ಬೇಕು. ‘ಕಾವ್ಯಪ್ರಕಾಶ’ದ ಪ್ರಕಾರ ಲಕ್ಷಣೆಗೆ ಮೂರು ಅಂಗಗಳು. ಮುಖ್ಯಾರ್ಥಕ್ಕೆ ಬಾಧೆಯಿರಬೇಕು, ಲಕ್ಷ್ಯಾರ್ಥಕ್ಕೂ ಮುಖ್ಯಾರ್ಥಕ್ಕೂ ಸಂಬಂಧವಿರಬೇಕು, ಮತ್ತು ರೂಢಿಯಾಗಲಿ ಪ್ರಯೋಜನವಾಗಲಿ ಇರಬೇಕು. ‘ಕುಶಲ’ ಎಂಬುದು ರೂಢಿಗೆ ಉದಾಹರಣೆ. ಕುಶದ ಹುಲ್ಲನ್ನು ಕೊಯ್ಯಬಲ್ಲವನೆಂಬ ಮೂಲ ಈಗ ಯಾರ ಮನಸ್ಸಿನಲ್ಲಿಯೂ ಇಲ್ಲ. ‘ಗಂಗೆಯಲ್ಲಿ ಹಳ್ಳಿ’ ಎಂಬುದು ಪ್ರಯೋಜನಕ್ಕೆ ಉದಾಹರಣೆ. ದಡ ಎನ್ನದೆ ಗಂಗೆ ಎಂದೇ ಹೇಳಿದ್ದರಿಂದ ತಂಪು, ಪಾವಿತ್ರ್ಯಗಳು ಹಳ್ಳಿಗೂ ದಕ್ಕುತ್ತವೆ. ಮಾವಿನ ಲಗ್ಗೆ ರೂಢಿಯದು. ಸ್ಮರಣ ಸಂಚಿಕೆಯ ಲಗ್ಗೆಯನ್ನೂ ರೂಢಿಯ ಮಾತೆಂದು ಅದರ ಲೇಖಕರು ಸಮರ್ಥಿಸಬಹುದು. ಆದರೆ ಅಲ್ಲಿ ಪ್ರಯೋಜನವಿದೆ. ಬಂದರು, ದುಡಿದರು, ಉಳಿದರು ಎಂದರೆ ದೊರೆಯದ ಶೌರ್ಯ ಲಗ್ಗೆಯಿಂದ ದೊರೆಯುತ್ತದೆ. ಅದನ್ನು ಬಯಸಿಯೇ ಆ ಶಬ್ದವನ್ನು ಆರಿಸಲಾಗಿದೆ. ನಾವು ಆರಿಸಿದ್ದೂ ಅದಕ್ಕಾಗಿಯೇ. ಗಂಗೆಯಿಂದ ತಂಪು ಬರುವಂತೆ ಲಗ್ಗೆಯಿಂದ ಶೌರ್ಯ ಬರುತ್ತದೆ. ಶೌರ್ಯದ ಹಿಂದೆಯೇ ಗೋಡೆಯೂ, ಗೋಡೆಯ ಆಚೆ ಒಬ್ಬ ಶತ್ರುವೂ ಬರುತ್ತಾರೆ.

ಮುಂಬಯಿಗೆ ಗೋಡೆ ಇದ್ದದ್ದು ನಿಜ. ನಗರದ ಹಳೆಯ ಭಾಗಕ್ಕೆ ಇಂದಿಗೂ ‘ಫೋರ್ಟ್’ ಎಂದೇ ಹೆಸರು, ನಮ್ಮ ಹಿರಿಯರ ಬಾಯಲ್ಲಿ ‘ಕೋಟೆ’. ಆದರೆ ಈ ಊರಿನ ಚರಿತ್ರೆಯಲ್ಲಿ ಒಂದು ವಿಚಿತ್ರವಿದೆ. ಇಂಗ್ಲಿಷರು ಇದನ್ನು ಲಗ್ಗೆಯಿಂದ ಪಡೆದವರಲ್ಲ. 1661ರ ವಿವಾಹ ಒಪ್ಪಂದದಲ್ಲಿ ಪೋರ್ತುಗಲ್ಲಿನ ರಾಜಕುಮಾರಿ ಕ್ಯಾಥರೀನಳ ಬಳುವಳಿಯಾಗಿ ಅದು ಇಂಗ್ಲೆಂಡಿನ ರಾಜನಿಗೆ ಬಂತು. 1668ರಲ್ಲಿ ವರ್ಷಕ್ಕೆ 10 ಪೌಂಡಿನ ಗೇಣಿಗೆ ಈಸ್ಟ್ ಇಂಡಿಯಾ ಕಂಪೆನಿಯ ಕೈಸೇರಿತು. ಬಳುವಳಿಯಾಗಿ ಬಂದು ಬಾಡಿಗೆಗೆ ಹೋದ ಊರು! 1689ರಲ್ಲಿ ಜಂಜಿರದ ಸಿದ್ದಿ ಯಾಕೂತನ ಸೈನಿಕರು ಶಿವಡಿಯಲ್ಲಿ ಇಳಿದು, ಮಝಗಾಂವನ್ನು ಹಿಡಿದು, ಕಂಪೆನಿಯವರನ್ನು ಕೋಟೆಯೊಳಗೆ ಕೂಡಿಹಾಕಿದರು. ಅದು ಶುದ್ಧಾಂಗ ಮುತ್ತಿಗೆ. 1690ರಲ್ಲಿ ಅದು ಮುಗಿದದ್ದು ಏಣಿಯಿಂದಲ್ಲ, ಔರಂಗಜೇಬನಿಗೆ ಇಂಗ್ಲಿಷರು ಕ್ಷಮೆ ಬೇಡಿ ದಂಡ ತೆತ್ತದ್ದರಿಂದ. ದಂಡು ಬಂದದ್ದಕ್ಕೆ ದಂಡವೇ ಪರಿಹಾರವಾಯಿತು. 1739ರಲ್ಲಿ ವಸಯಿ ಮರಾಠರ ವಶವಾದಾಗ ಬೆದರಿದ ಮುಂಬಯಿಯ ವ್ಯಾಪಾರಿಗಳು 30,000 ರೂಪಾಯಿ ಕೂಡಿಸಿ ಗೋಡೆಯ ಸುತ್ತ ಅಗಳು ತೋಡಿಸಲು ನೆರವಾದರು. ಮರಾಠರು ಬರಲೇ ಇಲ್ಲ. 1860ರ ದಶಕದಲ್ಲಿ ಗವರ್ನರ್ ಬಾರ್ಟಲ್ ಫ್ರೇರನ ಕಾಲದಲ್ಲಿ, ಊರು ಬೆಳೆಯಲು ಅಡ್ಡಿಯೆಂದು ಗೋಡೆಯನ್ನೇ ಕೆಡವಲಾಯಿತು. ಅಪೊಲೊ ಬಾಗಿಲು, ಚರ್ಚ್ ಬಾಗಿಲು, ಬಜಾರ್ ಬಾಗಿಲು ಮೂರೂ ಹೋದವು. ಚರ್ಚ್‌ಗೇಟ್ ನಿಲ್ದಾಣದಲ್ಲಿ ಇಳಿಯುವ ಜನಕ್ಕೆ ಅಲ್ಲಿ ಗೇಟು ಯಾವುದೆಂದು ಕೇಳಲು ಪುರಸೊತ್ತಿಲ್ಲ. ಸೇಂಟ್ ಜಾರ್ಜ್ ಆಸ್ಪತ್ರೆಯ ಆವರಣದಲ್ಲಿ ಮಾತ್ರ ಕೋಟೆಯ ಒಂದು ತುಂಡು ಉಳಿದಿದೆ.

ಮುಂಬಯಿಯ ಕನ್ನಡಿಗರ ಸಂಘಟಿತ ಜೀವನ ರೂಪುಗೊಂಡದ್ದು ಈ ಗೋಡೆ ಬಿದ್ದ ಮೇಲೆ. ಮೊಗವೀರ ವ್ಯವಸ್ಥಾಪಕ ಮಂಡಳಿ 1902ರದು, ಮಾಟುಂಗಾದ ಮೈಸೂರು ಅಸೋಸಿಯೇಷನ್ 1926ರದು, ಮಾಟುಂಗಾ ನಿಲ್ದಾಣದ ಬಳಿ ರಾಮ ನಾಯಕರ ಉಡುಪಿ ಶ್ರೀಕೃಷ್ಣ ಬೋರ್ಡಿಂಗ್ ತೆರೆದದ್ದು 1942ರಲ್ಲಿ. ಹಗಲು ಹೋಟೆಲಿನಲ್ಲಿ ದುಡಿದ ಹುಡುಗರು ರಾತ್ರಿ ಕನ್ನಡ ಶಾಲೆಗಳಿಗೆ ಹೋಗಿ ಮೆಟ್ರಿಕ್ ಮುಗಿಸಿದರು. ಅವುಗಳಲ್ಲಿ ಹಲವು ಶಾಲೆಗಳು ಇದ್ದದ್ದು ಕೋಟೆಯಲ್ಲಿಯೇ.

ಇನ್ನೂ ಮುಖ್ಯವಾದ ಸಂಗತಿ ಬೇರೆ. ಧಾರವಾಡ, ಬೆಳಗಾವಿ, ಬಿಜಾಪುರ ಜಿಲ್ಲೆಗಳು 1956ರ ನವೆಂಬರ್ 1ರವರೆಗೆ ಮುಂಬಯಿ ಆಡಳಿತಕ್ಕೆ ಸೇರಿದ್ದವು. 1862ರಲ್ಲಿ ಮದರಾಸಿನಿಂದ ಬೇರ್ಪಟ್ಟ ಉತ್ತರ ಕನ್ನಡವೂ ಹಾಗೆಯೇ. 1917ರಲ್ಲಿ ಆರಂಭವಾದ ಧಾರವಾಡದ ಕರ್ನಾಟಕ ಕಾಲೇಜಿನ ವಿದ್ಯಾರ್ಥಿ ಬರೆಯುತ್ತಿದ್ದದ್ದು ಮುಂಬಯಿ ವಿಶ್ವವಿದ್ಯಾಲಯದ ಪರೀಕ್ಷೆ. ಹೈಕೋರ್ಟಿಗೆ, ಸಚಿವಾಲಯಕ್ಕೆ ಅವನು ಬರಬೇಕಾದದ್ದು ಇಲ್ಲಿಗೆ. ಅವನಿಗೆ ಮುಂಬಯಿ ಪರರ ಊರಲ್ಲ, ತನ್ನ ಪ್ರಾಂತ್ಯದ ರಾಜಧಾನಿ. ತನ್ನ ರಾಜಧಾನಿಗೆ ಯಾರಾದರೂ ಲಗ್ಗೆಯಿಡುವುದುಂಟೆ? ದಕ್ಷಿಣ ಕನ್ನಡ ಜಿಲ್ಲೆ ಮದರಾಸಿಗೆ ಸೇರಿದ್ದರಿಂದ ಅಲ್ಲಿಯವರ ಸ್ಥಿತಿ ಭಿನ್ನವೆಂಬುದು ನಿಜ; ಆದರೆ ಹಡಗಿನ ಚೀಟಿ ಕೊಂಡು ಬಂದರಿಗೆ ಇಳಿದವರು ಅವರು. ಲಗ್ಗೆಯೆಂಬ ಒಂದೇ ಶಬ್ದ ಈ ಎರಡೂ ಬಗೆಯ ಬರವನ್ನು ಅಳಿಸಿ, ಒಂದು ನಾಗರಿಕ ಹಕ್ಕನ್ನು ದಂಡಯಾತ್ರೆಯಾಗಿ ಪರಿವರ್ತಿಸುತ್ತದೆ.

ಪರಿವರ್ತಿಸಿದರೇನು, ಮಾತಿನ ಅಲಂಕಾರವಷ್ಟೆ ಎನ್ನಬಹುದು. ಹಾಗೆನ್ನಲು ಈ ನಗರದ ಚರಿತ್ರೆ ಬಿಡುವುದಿಲ್ಲ. 1960ರ ದಶಕದಲ್ಲಿ ‘ಮಾರ್ಮಿಕ’ ವಾರಪತ್ರಿಕೆ ‘ವಾಚಾ ಆಣಿ ಥಂಡ್ ಬಸಾ’ ಎಂಬ ತಲೆಬರಹದಡಿಯಲ್ಲಿ ಮುಂಬಯಿಯ ಕಚೇರಿಗಳಲ್ಲಿದ್ದ ದಾಕ್ಷಿಣಾತ್ಯ ಅಧಿಕಾರಿಗಳ ಹೆಸರಿನ ಪಟ್ಟಿಗಳನ್ನು ಅಚ್ಚುಹಾಕುತ್ತಿತ್ತು. ಪರಸ್ಥಳದವರು ಊರನ್ನು ಆಕ್ರಮಿಸಿಕೊಂಡಿದ್ದಾರೆಂಬುದೇ ಆ ಪಟ್ಟಿಗಳ ಧ್ವನಿ. 1966ರ ಜೂನ್ 19ರಂದು ಹುಟ್ಟಿದ ಸಂಘಟನೆ ತನಗಿಟ್ಟುಕೊಂಡ ಹೆಸರಿನಲ್ಲಿ ‘ಸೇನೆ’ಯಿತ್ತು. ಅದೂ ಮೊದಲಿಗೆ ಲಾಕ್ಷಣಿಕವೇ. ಆ ಹೆಸರಿನಲ್ಲಿ ಶಿವಾಜಿಯ ಕಾಲದ ವೈಭವದ ನೆನಪು ಪ್ರಯೋಜನವಾಗಿತ್ತು. ಆದರೆ ಸೇನೆಯೆಂದ ಮೇಲೆ ಶತ್ರು ಬೇಕು. ಮುಂದಿನ ಕೆಲವು ವರ್ಷಗಳಲ್ಲಿ ದಾಕ್ಷಿಣಾತ್ಯರ ಹೋಟೆಲುಗಳ ಗಾಜುಗಳು ಒಡೆದವು. ಗಡಿ ಪ್ರಶ್ನೆಯನ್ನು ಮುಂದಿಟ್ಟುಕೊಂಡು 1969ರ ಫೆಬ್ರುವರಿಯಲ್ಲಿ ನಡೆದ ಗಲಭೆಯಲ್ಲಿ ಹಲವು ಜೀವಗಳು ಹೋದವು. ಮಮ್ಮಟ ಹೇಳಿದ ಮೊದಲ ಅಂಗವನ್ನು ಇಲ್ಲಿ ನೆನೆಯಬೇಕು. ಮುಖ್ಯಾರ್ಥಕ್ಕೆ ಬಾಧೆಯಿರುವವರೆಗೆ ಮಾತ್ರ ಲಕ್ಷಣೆ. ಬೀದಿಯಲ್ಲಿ ನಿಜವಾಗಿ ಕಲ್ಲು ಬೀಳುತ್ತಿರುವಾಗ ‘ಸೇನೆ’ಯೆಂಬ ಶಬ್ದದ ಮುಖ್ಯಾರ್ಥಕ್ಕೆ ಬಾಧೆಯೆಲ್ಲಿ? ಅಲ್ಲಿಗೆ ಲಕ್ಷಣೆ ಕುಸಿದು ವಾಚ್ಯ ಹಿಂದಿರುಗುತ್ತದೆ.

ಇದೇ ನಗರದಲ್ಲಿ, ಇದಾದ ಮೂರು ವರ್ಷಗಳಲ್ಲಿ ಇನ್ನೊಂದು ಸೈನಿಕ ಶಬ್ದಕ್ಕೆ ಬಂದ ಸದ್ಗತಿಯನ್ನೂ ಹೇಳದಿದ್ದರೆ ಅನ್ಯಾಯವಾದೀತು. ‘ಮೋರ್ಚಾ’ ಎಂಬುದು ಫಾರಸಿಯಿಂದ ಬಂದ ಯುದ್ಧಶಬ್ದ. ಕೋಟೆಯ ಎದುರು ತೋಡಿದ ಕಂದಕ, ತೋಪನ್ನು ಹೂಡುವ ನೆಲೆ. ನಿಂತಲ್ಲಿಯೇ ನಿಲ್ಲುವುದು ಅದರ ಸ್ವಭಾವ. ಮುಂಬಯಿಯ ಬೀದಿಯಲ್ಲಿ ಅದಕ್ಕೆ ಕಾಲು ಮೂಡಿ ಮೆರವಣಿಗೆಯಾಯಿತು. 1972ರಲ್ಲಿ ಮೃಣಾಲ್ ಗೋರೆ, ಅಹಿಲ್ಯಾ ರಾಂಗಣೇಕರ್ ಮೊದಲಾದವರು ಬೆಲೆಯೇರಿಕೆಯ ವಿರುದ್ಧ ಸಂಘಟಿಸಿದ ಹೋರಾಟದಲ್ಲಿ ‘ಲಾಟಣೆ ಮೋರ್ಚಾ’ ಎಂಬುದು ಪ್ರಸಿದ್ಧವಾಯಿತು. ಲಾಟಣೆಯೆಂದರೆ ನಮ್ಮ ಲಟ್ಟಣಿಗೆ. ಎರಡೂ ಒಂದೇ ಒಲೆಯ ಮುಂದಿನ ಶಬ್ದಗಳು. ಮಧ್ಯಮ ವರ್ಗದ, ಚಾಳುಗಳ ಗೃಹಿಣಿಯರು ಲಟ್ಟಣಿಗೆಯಿಂದ ತಟ್ಟೆ ಬಡಿಯುತ್ತ ಬೀದಿಗೆ ಬಂದರು. ಆಯುಧದ ಸ್ಥಾನದಲ್ಲಿ ಚಪಾತಿಯ ಕೋಲು! ಮುಖ್ಯಾರ್ಥಬಾಧೆಯನ್ನು ಇದಕ್ಕಿಂತ ಸ್ಪಷ್ಟವಾಗಿ ಯಾವ ಆಲಂಕಾರಿಕನೂ ತೋರಿಸಿಕೊಟ್ಟಿಲ್ಲ. ಇದು ಯುದ್ಧವಲ್ಲವೆಂಬುದನ್ನು ಕೈಯಲ್ಲಿ ಹಿಡಿದುಕೊಂಡೇ ಅವರು ಯುದ್ಧದ ಶಬ್ದವನ್ನು ಬಳಸಿದರು. ಆದುದರಿಂದ ಆ ಪ್ರಯೋಗ ಯಾರನ್ನೂ ಗಾಯಗೊಳಿಸಲಿಲ್ಲ, ಅಧಿಕಾರದಲ್ಲಿದ್ದವರನ್ನು ಮಾತ್ರ ನಾಚಿಸಿತು.

ಮುಂಬಯಿಯ ಮೋರ್ಚಾಗಳು ಇಂದು ಬಂದು ನಿಲ್ಲುವ ಆಜಾದ್ ಮೈದಾನ ಹಿಂದಿನ ‘ಎಸ್‌ಪ್ಲನೇಡ್’ನ ಒಂದು ಭಾಗ. ಅದೂ ಸೈನಿಕ ಶಬ್ದವೇ: ಕೋಟೆಯ ತೋಪಿಗೆ ಶತ್ರು ಮರೆಯಿಲ್ಲದೆ ಕಾಣಲೆಂದು ಮನೆ, ಮರಗಳನ್ನು ತೆಗೆಸಿ ಬಯಲಾಗಿ ಇರಿಸಿದ ನೆಲ. 2018ರ ಮಾರ್ಚಿನಲ್ಲಿ ನಾಸಿಕದಿಂದ ನಡೆದು ಬಂದ ರೈತರು ಈ ಮೈದಾನವನ್ನು ತಲುಪಿದ್ದು ಬೆಳಗಾಗುವ ಮುನ್ನ; ಹತ್ತನೆಯ ತರಗತಿಯ ಪರೀಕ್ಷೆಗೆ ಹೋಗುವ ಮಕ್ಕಳಿಗೆ ದಾರಿಯಲ್ಲಿ ತೊಂದರೆಯಾಗಬಾರದೆಂದು ಅವರು ಶೀವಿನಿಂದ ರಾತ್ರಿಯೇ ನಡೆದರು. ಅವರ ನಡಿಗೆಯ ಹೆಸರು ‘ಲಾಂಗ್ ಮಾರ್ಚ್’, ಚೀನದ ಕೆಂಪು ಸೇನೆಯಿಂದ ಎರವಲು ಪಡೆದದ್ದು. ಇದನ್ನು ವರ್ಣಿಸುವಾಗ ‘ಮುಂಬಯಿಗೆ ಲಗ್ಗೆ’ ಎಂದು ಬರೆಯುವ ಪತ್ರಕರ್ತನಿಗೆ ಕನ್ನಡವೂ ತಿಳಿಯದು, ನಡೆದವರೂ ತಿಳಿಯರು.

ನಮ್ಮ ಸೃಜನಶೀಲ ಲೇಖಕರು ಈ ವಿಷಯದಲ್ಲಿ ಸ್ಮರಣ ಸಂಚಿಕೆಯವರಿಗಿಂತ ಎಚ್ಚರವಾಗಿದ್ದರು. ಮುಂಬಯಿಯ ಎರಡು ಪ್ರಮುಖ ಕನ್ನಡ ಕಾದಂಬರಿಗಳ ಹೆಸರುಗಳನ್ನೇ ನೋಡಿ. ಯಶವಂತ ಚಿತ್ತಾಲರ ‘ಶಿಕಾರಿ’ಯಲ್ಲಿ (1979) ನಾಗಪ್ಪ ಮುಂಬಯಿಯನ್ನು ಗೆದ್ದವನಲ್ಲ, ಬೆನ್ನಟ್ಟಿಸಿಕೊಂಡವನು. ವ್ಯಾಸರಾಯ ಬಲ್ಲಾಳರಿಗೆ 1986ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿಯನ್ನು ತಂದ ಕಾದಂಬರಿ ‘ಬಂಡಾಯ’. ಬಂಡಾಯವೂ ದಂಡಿನ ಪರಿಸರದ ಶಬ್ದವೇ. ಆದರೆ ಬಂಡೇಳಬಲ್ಲವನು ಒಳಗಿರುವವನು ಮಾತ್ರ. ಹೊರಗಿನಿಂದ ಬಂದವನು ಲಗ್ಗೆಯಿಡಬಹುದು, ಬಂಡೇಳಲಾರ. ಈ ಹೆಸರನ್ನು ಇಡುವಾಗಲೇ ಬಲ್ಲಾಳರು ತಮ್ಮ ಜನರನ್ನು ಈ ನಗರದ ಒಳಗೆ ನಿಲ್ಲಿಸಿಬಿಟ್ಟರು. ಕಾರ್ಮಿಕರ ಪ್ರಶ್ನೆಯನ್ನು ಎತ್ತಿಕೊಂಡ ಕಾದಂಬರಿಗೆ ಅದು ಅಗತ್ಯವಾಗಿತ್ತು. ಈ ಸೂಕ್ಷ್ಮ ನಮ್ಮ ವಿಮರ್ಶೆಯಲ್ಲಿ ಚರ್ಚೆಗೆ ಬರಬೇಕಾಗಿತ್ತು.

ಬದಲಿ ಶಬ್ದ ಯಾವುದೆಂದು ಕೇಳಬಹುದು. ಯುದ್ಧದ ಪರಿಭಾಷೆಯೇ ಬೇಕೆನ್ನುವವರಿಗೆ ಹಳಗನ್ನಡವೇ ಒಂದನ್ನು ಕೊಟ್ಟಿದೆ: ಬೀಡು. ದಂಡು ಇಳಿದುಕೊಳ್ಳುವ ತಾಣ ಬೀಡು. ಇಂದು ಇಲ್ಲಿ ಬಿಟ್ಟರೆ ನಾಳೆ ಕಿತ್ತುಕೊಂಡು ಹೋಗುವಂಥದು. ಅದು ಕದಲದೆ ನಿಂತಾಗ ಶಾಸನಗಳು ‘ನೆಲೆವೀಡು’ ಎಂದು ಕರೆದವು, ರಾಜಧಾನಿಗಳಿಗೆ ಆ ಹೆಸರು ಸಂದಿತು. ತುಳುನಾಡಿನಲ್ಲಿಯಾದರೋ ಬೀಡು ಎಂದರೆ ಈಗ ಮನೆಯೇ. ಹಳೆಯ ಅರಸು ಮನೆತನಗಳ, ಗುತ್ತಿನವರ ದೊಡ್ಡ ಮನೆ, ಅಂಗಳದಲ್ಲಿ ಭತ್ತ ಒಣಗುವ, ವರ್ಷಕ್ಕೊಮ್ಮೆ ನೇಮ ನಡೆಯುವ ಮನೆ. ಸೈನಿಕ ಶಬ್ದವೊಂದು ಶತ್ರುವನ್ನು ಬಿಟ್ಟುಕೊಟ್ಟು ಒಲೆಯನ್ನು ಇಟ್ಟುಕೊಂಡ ಬಗೆ ಇದು. ಮುಂಬಯಿಗೆ ಬಂದ ಕರಾವಳಿಯವರು ಈ ಶಬ್ದವನ್ನು ಊರಿನಿಂದಲೇ ತಂದಿದ್ದರು, ಬರೆಯುವಾಗ ಮಾತ್ರ ಮರೆತರು.

ಊಟದ ಸಾಲಿನಲ್ಲಿ ನಮ್ಮನ್ನು ತಡೆದ ಹಿರಿಯರು ಈಗಿಲ್ಲ. ನಮ್ಮ ಹಳೆಯ ಲೇಖನವನ್ನು ಸಂಸ್ಥೆಯೊಂದರವರು ತಮ್ಮ ಹೊಸ ಸಂಚಿಕೆಯಲ್ಲಿ ಮರುಮುದ್ರಿಸಲು ಕೇಳಿದಾಗ ಹನ್ನೊಂದು ಕಡೆ ಬಂದಿದ್ದ ‘ಲಗ್ಗೆ’ಯನ್ನು ಹನ್ನೊಂದು ಕಡೆಯೂ ತಿದ್ದಿ ಕಳುಹಿಸಿದೆವು. ಕರಡಚ್ಚು ಮೊನ್ನೆ ಬಂದಿದೆ. ಒಳಗೆ ಎಲ್ಲವೂ ಸರಿಯಾಗಿದೆ. ಶೀರ್ಷಿಕೆಯಲ್ಲಿ ಮಾತ್ರ ಸಂಪಾದಕರು ಹಳೆಯ ಶಬ್ದವನ್ನೇ ದಪ್ಪಕ್ಷರದಲ್ಲಿ ಉಳಿಸಿಕೊಂಡಿದ್ದಾರೆ.